ಮೇಕ್‌ಫೈಲಿನಲ್ಲಿ ಇನ್‌ಸ್ಟಾಲ್ ರೂಲ್: ಪ್ಯಾಕೇಜ್ ಮಾಡುವವರ ಕೈ ಕಟ್ಟಿಹಾಕದ ಹಾಗೆ ಬರೆಯುವುದು ಹೇಗೆ?

ಶಿವಮೊಗ್ಗದ ಕಾಲೇಜು ಹುಡುಗ ಹುಡುಗಿಯರು ಬರೆದ ಎಷ್ಟೋ ಒಳ್ಳೆಯ ಪ್ರೋಗ್ರಾಂಗಳು ಅವರ ಲ್ಯಾಪ್‌ಟಾಪಿನಲ್ಲೇ ಉಳಿದುಬಿಡುತ್ತವೆ. ಅಡಿಕೆ ತೂಕದ ಲೆಕ್ಕ, ಮಳೆಯ ದಾಖಲೆ, ಹಳ್ಳಿ ಲೈಬ್ರರಿಯ ಪುಸ್ತಕದ ಪಟ್ಟಿ, ಹೀಗೆ. ಕೋಡ್ ಚೆನ್ನಾಗಿಯೇ ಇರುತ್ತದೆ. ಆದರೆ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಇರುವ ಸೊಸೈಟಿಯ ಕಂಪ್ಯೂಟರಿಗೆ ಅದನ್ನು ಹಾಕಬೇಕು ಅಂದಾಗ ಕಷ್ಟ ಶುರು. ಮಳೆಗಾಲದಲ್ಲಿ ಅಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಅಲ್ಲೇ ಕೂತು ಕಂಪೈಲರ್ ಇಳಿಸಿಕೊಂಡು ಬಿಲ್ಡ್ ಮಾಡುವುದು ಆಗದ ಮಾತು. ಪೆನ್‌ಡ್ರೈವಿನಲ್ಲಿ ಒಂದು ಡೆಬ್ ಫೈಲ್ (ಡೆಬಿಯನ್ ಥರದ ಲಿನಕ್ಸ್‌ಗೆ ಪ್ರೋಗ್ರಾಂ ಕಟ್ಟಿಕೊಡುವ ಪ್ಯಾಕೇಜ್) ಒಯ್ದು ಒಂದೇ ಕಮಾಂಡಿನಲ್ಲಿ ಹಾಕಬೇಕು. ಬೇಡವಾದರೆ ಒಂದೇ ಕಮಾಂಡಿನಲ್ಲಿ ಪೂರ್ತಿ ತೆಗೆಯುವಂತಿರಬೇಕು.

ಆ ಡೆಬ್ ಫೈಲ್ ಸಲೀಸಾಗಿ ತಯಾರಾಗುತ್ತದೋ ಇಲ್ಲವೋ ಅನ್ನುವುದು ಮೇಕ್‌ಫೈಲಿನ, ಅಂದರೆ ಪ್ರೋಗ್ರಾಂ ಬಿಲ್ಡ್ ಮಾಡುವ ಮೇಕ್ ಸಲಕರಣೆಗೆ ಸೂಚನೆ ಬರೆದಿಡುವ ಫೈಲಿನ, ಕೊನೆಯಲ್ಲಿರುವ ಒಂದು ಸಣ್ಣ ತುಂಡಿನ ಮೇಲೆ ನಿಂತಿದೆ. ಅದೇ ಇನ್‌ಸ್ಟಾಲ್ ರೂಲ್. ಅದರ ಕೆಲಸ ಒಂದೇ: ಹೇಳಿದ ಜಾಗದಲ್ಲಿ ಫೈಲ್ ಇಡುವುದು. ಅದರಾಚೆ ಸಿಸ್ಟಮ್ಮಿನಲ್ಲಿ ಏನನ್ನೂ ಮುಟ್ಟಬಾರದು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದ್ದು.

ಮೇಕ್ ಹೊಸ ಸಲಕರಣೆ ಅಲ್ಲ. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದು. ಲಿನಕ್ಸ್‌ನಲ್ಲಿ ನಾವು ಬಳಸುವುದು ಗ್ನೂ ಮೇಕ್. ಫೈಲ್‌ಗಳು ಎಲ್ಲೆಲ್ಲಿ ಹೋಗಬೇಕು, ಯಾವ ವೇರಿಯಬಲ್‌ಗೆ ಯಾವ ಹೆಸರು ಅನ್ನುವುದನ್ನು ಗ್ನೂ ಕೋಡಿಂಗ್ ಸ್ಟ್ಯಾಂಡರ್ಡ್ಸ್ ಬಹಳ ಹಿಂದೆಯೇ ಬರೆದಿಟ್ಟಿದೆ. ಡೆಬಿಯನ್, ಫೆಡೋರಾ, ಆರ್ಚ್ ಥರದ ಲಿನಕ್ಸ್ ವಿತರಣೆಗಳೆಲ್ಲವೂ ನಿಮ್ಮ ಮೇಕ್‌ಫೈಲ್ ಆ ಪದ್ಧತಿಯಲ್ಲಿದೆ ಅಂದುಕೊಂಡೇ ಕೆಲಸ ಮಾಡುತ್ತವೆ. ಹಾಗಾಗಿ ಸ್ವಂತ ಹೆಸರು ಕಟ್ಟಬೇಡಿ, ಅದೇ ಹೆಸರು ಬಳಸಿ.

ಒಂದು ಸೂಚನೆ. ಇಲ್ಲಿ ಕೋಡನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಡೆಸ್ಟ್‌ಡಿರ್ ಮತ್ತು .ಫೋನಿ ಪೂರ್ತಿ ದೊಡ್ಡಕ್ಷರ. $ ಗುರುತಿನ ಜೊತೆ ಬರುವ ಇನ್‌ಸ್ಟಾಲ್, ಇನ್‌ಸ್ಟಾಲ್_ಪ್ರೋಗ್ರಾಂ, ಇನ್‌ಸ್ಟಾಲ್_ಡೇಟಾ ಕೂಡ ದೊಡ್ಡಕ್ಷರ. ಪ್ರಿಫಿಕ್ಸ್, ಬಿನ್‌ಡಿರ್, ಡೇಟಾಡಿರ್ ಥರದವು ಸಣ್ಣಕ್ಷರ. ಮೇಕ್‌ಗೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ.

ಉದಾಹರಣೆಯ ಪ್ರೋಗ್ರಾಂ

ಸಿ ಭಾಷೆಯಲ್ಲಿ ಬರೆದ ‘ಅಡಿಕೆಲೆಕ್ಕ’ ಅನ್ನುವ ಪುಟ್ಟ ಪ್ರೋಗ್ರಾಂ ಇದೆ ಅಂದುಕೊಳ್ಳೋಣ. ಚೀಲದ ತೂಕ ಕೊಟ್ಟರೆ ತರದ ಪ್ರಕಾರ ಲೆಕ್ಕ ಹಾಕಿ ಕೊಡುತ್ತದೆ. ಅದರಲ್ಲಿ ಐದು ಫೈಲ್‌ಗಳು ಇನ್‌ಸ್ಟಾಲ್ ಆಗಬೇಕು. ಮೊದಲನೆಯದು ಪ್ರೋಗ್ರಾಂ. ಎರಡನೆಯದು ರಾಶಿ, ಬೆಟ್ಟೆ, ಸರಕು, ಗೊರಬಲು ಅನ್ನುವ ತರಗಳ ಪಟ್ಟಿ ಇರುವ ಡೇಟಾ ಫೈಲ್. ಚೀಲಕ್ಕೆ ಎಷ್ಟು ತೂಕ ಕಳೆಯಬೇಕು ಅಂತ ಸೊಸೈಟಿಯವರು ತಾವೇ ಬರೆದುಕೊಳ್ಳುವ ಕಾನ್ಫಿಗ್ ಫೈಲ್ ಮೂರನೆಯದು. ಜೊತೆಗೆ ಮ್ಯಾನ್ ಪೇಜ್ (ಕಮಾಂಡ್ ಸಾಲಿನಲ್ಲಿ ಓದುವ ಸಹಾಯದ ಪುಟ), ಮತ್ತು ಪರದೆಯ ಮೇಲೆ ಕನ್ನಡ ಬರಲು ಬೇಕಾದ ಅನುವಾದದ ಎಂಒ ಫೈಲ್.

ಈ ಥರದ ಪ್ರೋಗ್ರಾಂಗಳಲ್ಲಿ ಸಾಮಾನ್ಯವಾಗಿ ಕಾಣುವ ರೂಲ್ ಹೀಗಿರುತ್ತದೆ:

ಇನ್‌ಸ್ಟಾಲ್:
    ಸಿಪಿ ಅಡಿಕೆಲೆಕ್ಕ /ಯುಎಸ್‌ಆರ್/ಬಿನ್
    ಸಿಪಿ ತರಗಳು.ಟಿಎಕ್ಸ್‌ಟಿ /ಯುಎಸ್‌ಆರ್/ಶೇರ್/ಅಡಿಕೆಲೆಕ್ಕ

ಬರೆದವರ ಯಂತ್ರದಲ್ಲಿ ಇದು ಕೆಲಸ ಮಾಡುತ್ತದೆ. ಪ್ಯಾಕೇಜ್ ಮಾಡುವವರಿಗೆ ಮಾತ್ರ ಉಪಯೋಗಕ್ಕೆ ಬರುವುದಿಲ್ಲ. ಯಾಕೆಂದರೆ ಪ್ಯಾಕೇಜ್ ಮಾಡುವಾಗ ಯಾರೂ ನಿಜವಾದ ಸಿಸ್ಟಮ್ಮಿಗೆ ಇನ್‌ಸ್ಟಾಲ್ ಮಾಡುವುದಿಲ್ಲ. ಒಂದು ಖಾಲಿ ಫೋಲ್ಡರಿನೊಳಗೆ ಎಲ್ಲವನ್ನೂ ಜೋಡಿಸಿ, ಆ ಫೋಲ್ಡರನ್ನು ಕಟ್ಟಿ ಪ್ಯಾಕೇಜ್ ಮಾಡುತ್ತಾರೆ. ಮೇಲಿನ ರೂಲಿಗೆ ಆ ಖಾಲಿ ಫೋಲ್ಡರಿನ ಗೊತ್ತೇ ಇಲ್ಲ.

ಪ್ರಿಫಿಕ್ಸ್ ಬೇರೆ, ಡೆಸ್ಟ್‌ಡಿರ್ ಬೇರೆ

ಇದೊಂದು ಸರಿಯಾಗಿ ತಲೆಗೆ ಹೋದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದ ಹಾಗೆ. ಅದಕ್ಕೇ ಇಲ್ಲಿ ನಿಧಾನಕ್ಕೆ ಹೋಗೋಣ.

ಪ್ರೋಗ್ರಾಂ ಕೊನೆಗೆ ಬಳಕೆದಾರರ ಕಂಪ್ಯೂಟರಿನಲ್ಲಿ ಎಲ್ಲಿ ಬಾಳುತ್ತದೋ ಅದು ಪ್ರಿಫಿಕ್ಸ್. ಮೊದಲ ಬೆಲೆ /ಯುಎಸ್‌ಆರ್/ಲೋಕಲ್. ಪ್ಯಾಕೇಜ್ ಮಾಡುವವರು ಅದನ್ನು /ಯುಎಸ್‌ಆರ್ ಅಂತ ಬದಲಿಸುತ್ತಾರೆ, ಯಾಕೆಂದರೆ /ಯುಎಸ್‌ಆರ್/ಲೋಕಲ್ ಇರುವುದು ಆಯಾ ಯಂತ್ರದ ಆಡಳಿತಗಾರರು ಕೈಯಾರೆ ಹಾಕುವ ಸಾಫ್ಟ್‌ವೇರಿಗೆ. ಡೆಬಿಯನ್ ಪ್ಯಾಕೇಜುಗಳು ಅಲ್ಲಿ ಫೈಲ್ ಇಡುವಂತಿಲ್ಲ ಅಂತ ಡೆಬಿಯನ್ ಪಾಲಿಸಿಯೇ ಹೇಳುತ್ತದೆ.

ಡೆಸ್ಟ್‌ಡಿರ್ ಅಂದರೆ ಪ್ಯಾಕೇಜ್ ಕಟ್ಟುವಾಗ ತಾತ್ಕಾಲಿಕವಾಗಿ ಎಲ್ಲವನ್ನೂ ಜೋಡಿಸುವ ಫೋಲ್ಡರ್. ಪ್ಯಾಕೇಜ್ ಕಟ್ಟಿದ ಮೇಲೆ ಅದು ಇರುವುದೇ ಇಲ್ಲ.

ಅಡಿಕೆಯನ್ನು ಮನೆಯ ಅಂಗಳದಲ್ಲಿ ಚೀಲಕ್ಕೆ ತುಂಬುತ್ತೇವೆ, ಆದರೆ ಚೀಲದ ಮೇಲೆ ಬರೆಯುವುದು ಮಂಡಿಯ ವಿಳಾಸ ಅಲ್ವಾ? ಡೆಸ್ಟ್‌ಡಿರ್ ಅಂಗಳ, ಪ್ರಿಫಿಕ್ಸ್ ಚೀಲದ ಮೇಲಿನ ವಿಳಾಸ. ಅಂಗಳದ ಹೆಸರು ಚೀಲದ ಮೇಲೆ ಬರಬಾರದು. ಅಂದರೆ ಡೆಸ್ಟ್‌ಡಿರ್‌ನ ಬೆಲೆ ಯಾವ ಫೈಲಿನ ಒಳಗೂ ಸೇರಬಾರದು. ಪ್ರೋಗ್ರಾಂ ಒಳಗೆ ಬರೆದ ದಾರಿಗಳಲ್ಲಿ, ಕಾನ್ಫಿಗ್ ಫೈಲಿನಲ್ಲಿ, ಸಿಮ್‌ಲಿಂಕಿನ (ಬೇರೆ ಫೈಲನ್ನು ತೋರಿಸುವ ಕೊಂಡಿಯ) ಗುರಿಯಲ್ಲಿ, ಎಲ್ಲೂ ಬೇಡ. ಅದು ಕಾಪಿ ಮಾಡುವ ಸಾಲಿನಲ್ಲಿ ಮಾತ್ರ, ಪ್ರತಿ ಗುರಿಯ ದಾರಿಯ ಮುಂದೆ ಬರುತ್ತದೆ.

ಹಂತ 1: ವೇರಿಯಬಲ್‌ಗಳನ್ನು ಜೋಡಿಸಿ

ಮೇಕ್‌ಫೈಲಿನ ತಲೆಯಲ್ಲಿ ಇಷ್ಟು ಇರಲಿ:

ಪ್ರಿಫಿಕ್ಸ್ = /ಯುಎಸ್‌ಆರ್/ಲೋಕಲ್
ಎಕ್ಸೆಕ್_ಪ್ರಿಫಿಕ್ಸ್ = $(ಪ್ರಿಫಿಕ್ಸ್)
ಬಿನ್‌ಡಿರ್ = $(ಎಕ್ಸೆಕ್_ಪ್ರಿಫಿಕ್ಸ್)/ಬಿನ್
ಡೇಟಾರೂಟ್‌ಡಿರ್ = $(ಪ್ರಿಫಿಕ್ಸ್)/ಶೇರ್
ಡೇಟಾಡಿರ್ = $(ಡೇಟಾರೂಟ್‌ಡಿರ್)
ಮ್ಯಾನ್‌ಡಿರ್ = $(ಡೇಟಾರೂಟ್‌ಡಿರ್)/ಮ್ಯಾನ್
ಲೋಕೇಲ್‌ಡಿರ್ = $(ಡೇಟಾರೂಟ್‌ಡಿರ್)/ಲೋಕೇಲ್
ಸಿಸ್‌ಕಾನ್ಫ್‌ಡಿರ್ = $(ಪ್ರಿಫಿಕ್ಸ್)/ಇಟಿಸಿ

ಇನ್‌ಸ್ಟಾಲ್ = ಇನ್‌ಸ್ಟಾಲ್
ಇನ್‌ಸ್ಟಾಲ್_ಪ್ರೋಗ್ರಾಂ = $(ಇನ್‌ಸ್ಟಾಲ್)
ಇನ್‌ಸ್ಟಾಲ್_ಡೇಟಾ = $(ಇನ್‌ಸ್ಟಾಲ್) -ಎಂ 644

ಕೆಳಗಿನ ಗುಂಪಿನ ಮೊದಲ ಸಾಲಿನಲ್ಲಿ ಎಡಗಡೆಯದು ದೊಡ್ಡಕ್ಷರದ ವೇರಿಯಬಲ್, ಬಲಗಡೆಯದು ಸಣ್ಣಕ್ಷರದ ಕಮಾಂಡ್.

ಈ ಪಟ್ಟಿಯಲ್ಲಿ ಡೆಸ್ಟ್‌ಡಿರ್ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಬರೆಯದ ವೇರಿಯಬಲ್ ಮೇಕ್‌ನಲ್ಲಿ ಖಾಲಿ, ನಮಗೆ ಬೇಕಾದ್ದೂ ಅದೇ. ‘ಡೆಸ್ಟ್‌ಡಿರ್ =’ ಅಂತ ಖಾಲಿ ಸಾಲು ಬರೆದಿಟ್ಟರೆ ಒಂದು ಅಪಾಯವಿದೆ. ಮೇಕ್‌ಫೈಲಿನ ಒಳಗಿನ ಬೆಲೆ ಎನ್ವಿರಾನ್‌ಮೆಂಟಿನಿಂದ (ಮೇಕ್ ಓಡಿಸಿದ ಶೆಲ್ಲಿನಿಂದ) ಬಂದ ಬೆಲೆಯನ್ನು ಅಳಿಸಿಹಾಕುತ್ತದೆ. ಯಾರಾದರೂ ಡೆಸ್ಟ್‌ಡಿರ್ ಅನ್ನು ಎಕ್ಸ್‌ಪೋರ್ಟ್ ಮಾಡಿ ಮೇಕ್ ಓಡಿಸಿದರೆ ಅದು ಸದ್ದಿಲ್ಲದೆ ಖಾಲಿಯಾಗಿ, ಫೈಲ್‌ಗಳು ನೇರ ಸಿಸ್ಟಮ್ಮಿಗೆ ಹೋಗುತ್ತವೆ.

ಪ್ರಿಫಿಕ್ಸ್‌ಗೆ ಇದೇ ಗುಣ ಅನುಕೂಲ. ಸುಮ್ನೆ = ಬಳಸಿದರೆ ಎಲ್ಲೋ ಉಳಿದುಹೋದ ಎನ್ವಿರಾನ್‌ಮೆಂಟ್ ವೇರಿಯಬಲ್ ಒಳಗೆ ನುಸುಳುವುದಿಲ್ಲ. ಕಮಾಂಡ್ ಸಾಲಿನಲ್ಲಿ ಕೊಟ್ಟ ಬೆಲೆ ಮಾತ್ರ ಯಾವಾಗಲೂ ಗೆಲ್ಲುತ್ತದೆ. ಕೆಲವರು ?= ಬರೆಯುತ್ತಾರೆ, ಅದು ಎನ್ವಿರಾನ್‌ಮೆಂಟಿಗೂ ಬಾಗಿಲು ತೆರೆಯುತ್ತದೆ. ನನ್ನ ಮಟ್ಟಿಗೆ ಸರಳ = ಒಳ್ಳೆಯದು.

ಹಂತ 2: ಸಿಪಿ ಬಿಡಿ, ಇನ್‌ಸ್ಟಾಲ್ ಕಮಾಂಡ್ ಹಿಡಿಯಿರಿ

ಸಿಪಿ ಕಮಾಂಡ್ ಹೊಸ ಫೈಲಿಗೆ ಅನುಮತಿ ಕೊಡುವಾಗ ಮೂಲ ಫೈಲಿನ ಅನುಮತಿಯನ್ನೂ ನಿಮ್ಮ ಯುಮಾಸ್ಕ್ (ಹೊಸ ಫೈಲಿಗೆ ಯಾವ ಅನುಮತಿ ಕೊಡಬಾರದು ಅನ್ನುವ ಸೆಟ್ಟಿಂಗ್) ಅನ್ನೂ ನೋಡುತ್ತದೆ. ಯುಮಾಸ್ಕ್ 077 ಇರುವವರು ತರಗಳ ಪಟ್ಟಿಯನ್ನು ಕಾಪಿ ಮಾಡಿದರೆ ಅದರ ಅನುಮತಿ 600 ಆಗುತ್ತದೆ, ಮಾಲೀಕರನ್ನು ಬಿಟ್ಟು ಯಾರಿಗೂ ಓದಲು ಆಗುವುದಿಲ್ಲ. ಸೊಸೈಟಿಯ ಕಂಪ್ಯೂಟರಿನಲ್ಲಿ ಗುಮಾಸ್ತರಿಗೊಂದು, ಕಾರ್ಯದರ್ಶಿಗೊಂದು ಲಾಗಿನ್ ಇರುತ್ತದೆ. ಇಬ್ಬರಿಗೂ ಆ ಪಟ್ಟಿ ಸಿಗುವುದಿಲ್ಲ. ಏನಾಯಿತು ಅಂತ ಹುಡುಕುವುದು ಬಲು ಬೇಸರದ ಕೆಲಸ.

ಇನ್‌ಸ್ಟಾಲ್ ಕಮಾಂಡ್ ಯುಮಾಸ್ಕ್ ಕಡೆ ನೋಡುವುದಿಲ್ಲ. ಹೇಳದಿದ್ದರೆ 755 (ಎಲ್ಲರೂ ಓದಬಹುದು, ಓಡಿಸಬಹುದು), -ಎಂ 644 ಅಂದರೆ 644 (ಎಲ್ಲರೂ ಓದಬಹುದು, ಮಾಲೀಕರು ಮಾತ್ರ ತಿದ್ದಬಹುದು). ಇನ್ನೊಂದು ಲಾಭವೂ ಇದೆ. ಹಳೆಯ ಫೈಲನ್ನು ತೆಗೆದು ಹೊಸದಾಗಿ ಬರೆಯುತ್ತದೆ. ಹಾಗಾಗಿ ಹಳೆಯ ಪ್ರೋಗ್ರಾಂ ಓಡುತ್ತಿರುವಾಗಲೇ ಹೊಸದನ್ನು ಹಾಕಬಹುದು. ಸಿಪಿ ಆಗಿದ್ದರೆ ‘ಟೆಕ್ಸ್ಟ್ ಫೈಲ್ ಬ್ಯುಸಿ’ ಅಂತ ನಿಲ್ಲುತ್ತಿತ್ತು.

ಇನ್‌ಸ್ಟಾಲ್‌ಗೆ ಎರಡು ಬಗೆಯ ಡಿ ಆಯ್ಕೆ ಇದೆ. ಸಣ್ಣ ಡಿ ಬರೀ ಫೋಲ್ಡರ್ ಮಾಡುತ್ತದೆ. ದೊಡ್ಡ ಡಿ ಫೋಲ್ಡರ್ ಮಾಡಿ ಫೈಲನ್ನೂ ಇಡುತ್ತದೆ. ದೊಡ್ಡ ಡಿ ಚುಟುಕಾಗಿದೆ ನಿಜ, ಆದರೆ ಫ್ರೀಬಿಎಸ್‌ಡಿ ಥರದ ಕೆಲವು ಸಿಸ್ಟಮ್‌ಗಳಲ್ಲಿ ಅದಕ್ಕೆ ಇದೇ ಅರ್ಥ ಇಲ್ಲ. ಮೊದಲು ಸಣ್ಣ ಡಿ ಯಿಂದ ಫೋಲ್ಡರ್, ಆಮೇಲೆ ಫೈಲ್ ಅಂತ ಎರಡು ಸಾಲು ಬರೆಯಿರಿ. ಎಲ್ಲ ಕಡೆ ನಡೆಯುತ್ತದೆ.

ಹಂತ 3: ರೂಲ್ ಬರೆಯಿರಿ

.ಫೋನಿ: ಆಲ್ ಇನ್‌ಸ್ಟಾಲ್ ಅನ್‌ಇನ್‌ಸ್ಟಾಲ್

ಇನ್‌ಸ್ಟಾಲ್: ಆಲ್
    $(ಇನ್‌ಸ್ಟಾಲ್) -ಡಿ "$(ಡೆಸ್ಟ್‌ಡಿರ್)$(ಬಿನ್‌ಡಿರ್)"
    $(ಇನ್‌ಸ್ಟಾಲ್_ಪ್ರೋಗ್ರಾಂ) ಅಡಿಕೆಲೆಕ್ಕ "$(ಡೆಸ್ಟ್‌ಡಿರ್)$(ಬಿನ್‌ಡಿರ್)/ಅಡಿಕೆಲೆಕ್ಕ"
    $(ಇನ್‌ಸ್ಟಾಲ್) -ಡಿ "$(ಡೆಸ್ಟ್‌ಡಿರ್)$(ಡೇಟಾಡಿರ್)/ಅಡಿಕೆಲೆಕ್ಕ"
    $(ಇನ್‌ಸ್ಟಾಲ್_ಡೇಟಾ) ತರಗಳು.ಟಿಎಕ್ಸ್‌ಟಿ "$(ಡೆಸ್ಟ್‌ಡಿರ್)$(ಡೇಟಾಡಿರ್)/ಅಡಿಕೆಲೆಕ್ಕ/ತರಗಳು.ಟಿಎಕ್ಸ್‌ಟಿ"
    $(ಇನ್‌ಸ್ಟಾಲ್) -ಡಿ "$(ಡೆಸ್ಟ್‌ಡಿರ್)$(ಮ್ಯಾನ್‌ಡಿರ್)/ಮ್ಯಾನ್1"
    $(ಇನ್‌ಸ್ಟಾಲ್_ಡೇಟಾ) ಅಡಿಕೆಲೆಕ್ಕ.1 "$(ಡೆಸ್ಟ್‌ಡಿರ್)$(ಮ್ಯಾನ್‌ಡಿರ್)/ಮ್ಯಾನ್1/ಅಡಿಕೆಲೆಕ್ಕ.1"

ಒಳಗೆ ಸರಿದ ಸಾಲುಗಳೆಲ್ಲ ಟ್ಯಾಬ್‌ನಿಂದ ಶುರುವಾಗಬೇಕು. ಸ್ಪೇಸ್ ಇದ್ದರೆ ‘ಮಿಸ್ಸಿಂಗ್ ಸೆಪರೇಟರ್’ ಅಂತ ಮೇಕ್ ನಿಲ್ಲುತ್ತದೆ. ಬೇರೆಡೆಯಿಂದ ಕಾಪಿ ಮಾಡಿ ಅಂಟಿಸಿದಾಗ ಟ್ಯಾಬ್ ಸ್ಪೇಸ್ ಆಗಿರುತ್ತದೆ, ನೋಡಿಕೊಳ್ಳಿ.

ಡೆಸ್ಟ್‌ಡಿರ್‌ಗೂ ಬಿನ್‌ಡಿರ್‌ಗೂ ನಡುವೆ ಓರೆಗೆರೆ ಹಾಕಿಲ್ಲ. ಬಿನ್‌ಡಿರ್ ತಾನೇ ಓರೆಗೆರೆಯಿಂದ ಶುರುವಾಗುತ್ತದೆ. ದಾರಿಯನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟಿರುವುದು ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಇದ್ದರೂ ಮುರಿಯದಿರಲಿ ಅಂತ.

ಫೋನಿ ಸಾಲು ಬಿಡಬೇಡಿ. ಗ್ನೂ ಪದ್ಧತಿಯ ಬಹಳಷ್ಟು ಯೋಜನೆಗಳಲ್ಲಿ ಇನ್‌ಸ್ಟಾಲ್ ಅನ್ನುವ ಹೆಸರಿನದೇ ಸೂಚನೆಯ ಫೈಲ್ ಇರುತ್ತದೆ, ದೊಡ್ಡಕ್ಷರದಲ್ಲಿ. ದೊಡ್ಡಕ್ಷರ ಸಣ್ಣಕ್ಷರದ ಭೇದ ಮಾಡದ ಫೈಲ್ ಸಿಸ್ಟಮ್ಮಿನಲ್ಲಿ ಮೇಕ್ ಆ ಫೈಲನ್ನು ನೋಡಿ ‘ಇದು ಆಗಲೇ ಇದೆ’ ಅಂದುಕೊಂಡು ಕೆಲಸವನ್ನೇ ಮಾಡದೆ ಬಿಡಬಹುದು.

ಕನ್ನಡದ ಅನುವಾದಕ್ಕೆ ಇನ್ನೆರಡು ಸಾಲು ಬೇಕು. ಎಂಒ ಫೈಲ್ ಹೋಗುವುದು ಲೋಕೇಲ್‌ಡಿರ್ ಒಳಗಿನ ಕೆಎನ್ ಫೋಲ್ಡರಿಗೆ, ಅದರೊಳಗಿನ ಎಲ್‌ಸಿ_ಮೆಸೇಜಸ್ ಫೋಲ್ಡರಿಗೆ. ಕೆಎನ್ ಸಣ್ಣಕ್ಷರ, ಎಲ್‌ಸಿ_ಮೆಸೇಜಸ್ ದೊಡ್ಡಕ್ಷರ. ಈ ಜಾಗ ಒಂದಕ್ಷರ ತಪ್ಪಿದರೂ ಕನ್ನಡ ಕಾಣುವುದಿಲ್ಲ, ಎರರ್ ಕೂಡ ಬರುವುದಿಲ್ಲ, ಸುಮ್ನೆ ಇಂಗ್ಲಿಷ್ ತೋರಿಸುತ್ತದೆ. ಕನ್ನಡದಲ್ಲಿ ಮ್ಯಾನ್ ಪೇಜ್ ಬರೆಯುವ ಮನಸ್ಸಿದ್ದರೆ ಅದಕ್ಕೂ ಜಾಗವಿದೆ: ಮ್ಯಾನ್‌ಡಿರ್ ಒಳಗೆ ಕೆಎನ್, ಅದರೊಳಗೆ ಮ್ಯಾನ್1. ದಯವಿಟ್ಟು ಬರೆಯಿರಿ. ಕಮಾಂಡ್ ಸಾಲಿನ ಮುಂದೆ ಕೂತ ಗುಮಾಸ್ತರಿಗೆ ತಮ್ಮ ಭಾಷೆಯಲ್ಲೇ ಸಹಾಯ ಸಿಗುವುದು ದೊಡ್ಡ ವಿಷಯ.

ಮ್ಯಾನ್ ಪೇಜನ್ನು ಜಿಜಿಪ್ ಮಾಡಬೇಡಿ. ಪ್ಯಾಕೇಜ್ ಸಲಕರಣೆಗಳು ತಾವೇ ಮಾಡಿಕೊಳ್ಳುತ್ತವೆ.

ಹಂತ 4: ಕಾನ್ಫಿಗ್ ಫೈಲ್

ಇದನ್ನು ಜಾಗ್ರತೆಯಿಂದ ಮಾಡಬೇಕು. ಚೀಲಕ್ಕೆ ಇಷ್ಟು ತೂಕ ಕಳೆಯಬೇಕು ಅಂತ ಕಾರ್ಯದರ್ಶಿಗಳು ಬರೆದಿಟ್ಟಿರುತ್ತಾರೆ. ಹೊಸ ಆವೃತ್ತಿ ಹಾಕಿದ ದಿನ ಅದು ಅಳಿಸಿಹೋದರೆ ಬೆಳೆಗಾರರ ಲೆಕ್ಕವೇ ತಪ್ಪುತ್ತದೆ.

ಪ್ಯಾಕೇಜ್ ಮೂಲಕ ಬಂದರೆ ಚಿಂತೆಯಿಲ್ಲ. ಡೆಬಿಯನ್‌ನಲ್ಲಿ /ಇಟಿಸಿ ಒಳಗಿನ ಫೈಲ್‌ಗಳನ್ನು ಪ್ಯಾಕೇಜ್ ಕಟ್ಟುವ ಸಲಕರಣೆಯಾದ ಡೆಬ್‌ಹೆಲ್ಪರ್ ತಾನಾಗಿಯೇ ಕಾನ್ಫ್‌ಫೈಲ್ ಅಂತ ಗುರುತು ಮಾಡುತ್ತದೆ. ಬಳಕೆದಾರರು ತಿದ್ದಿದ್ದು ಕಂಡರೆ, ಹೊಸ ಆವೃತ್ತಿಯಲ್ಲೂ ಆ ಫೈಲ್ ಬದಲಾಗಿದ್ದರೆ, ಪ್ಯಾಕೇಜ್ ಹಾಕುವ ಡಿಪಿಕೆಜಿ ಕಮಾಂಡ್ ಕೇಳಿಯೇ ಮುಂದುವರಿಯುತ್ತದೆ. ಫೆಡೋರಾದಲ್ಲಿ ಪ್ಯಾಕೇಜ್ ಮಾಡುವವರು ಕಾನ್ಫಿಗ್ ನೋರಿಪ್ಲೇಸ್ ಅಂತ ಬರೆಯುತ್ತಾರೆ. ಆದರೆ ನೇರವಾಗಿ ಮೇಕ್ ಇನ್‌ಸ್ಟಾಲ್ ಮಾಡುವವರಿಗೆ ಈ ಕಾವಲು ಇಲ್ಲ. ಅವರಿಗಾಗಿ ಹೀಗೆ:

    $(ಇನ್‌ಸ್ಟಾಲ್) -ಡಿ "$(ಡೆಸ್ಟ್‌ಡಿರ್)$(ಸಿಸ್‌ಕಾನ್ಫ್‌ಡಿರ್)"
    ಟೆಸ್ಟ್ -ಎಫ್ "$(ಡೆಸ್ಟ್‌ಡಿರ್)$(ಸಿಸ್‌ಕಾನ್ಫ್‌ಡಿರ್)/ಅಡಿಕೆಲೆಕ್ಕ.ಕಾನ್ಫ್" || $(ಇನ್‌ಸ್ಟಾಲ್_ಡೇಟಾ) ಅಡಿಕೆಲೆಕ್ಕ.ಕಾನ್ಫ್ "$(ಡೆಸ್ಟ್‌ಡಿರ್)$(ಸಿಸ್‌ಕಾನ್ಫ್‌ಡಿರ್)/ಅಡಿಕೆಲೆಕ್ಕ.ಕಾನ್ಫ್"

ಫೈಲ್ ಆಗಲೇ ಇದ್ದರೆ ಮುಟ್ಟುವುದಿಲ್ಲ. ಪ್ಯಾಕೇಜ್ ಕಟ್ಟುವಾಗ ಡೆಸ್ಟ್‌ಡಿರ್ ತೋರಿಸುವ ಫೋಲ್ಡರ್ ಖಾಲಿ ಇರುವುದರಿಂದ ಹೊಸ ಫೈಲ್ ಸರಿಯಾಗಿಯೇ ಹೋಗುತ್ತದೆ.

ಇನ್ನೊಂದು ಮಾತು. ಪ್ರಿಫಿಕ್ಸ್ ಅನ್ನು /ಯುಎಸ್‌ಆರ್ ಅಂದರೆ ಸಿಸ್‌ಕಾನ್ಫ್‌ಡಿರ್ ತಾನಾಗಿ /ಯುಎಸ್‌ಆರ್/ಇಟಿಸಿ ಆಗಿಬಿಡುತ್ತದೆ. ಪ್ಯಾಕೇಜ್ ಮಾಡುವಾಗ ಅದನ್ನು ಬೇರೆಯಾಗಿ /ಇಟಿಸಿ ಅಂತ ಕೊಡಬೇಕು. ಸಿಸ್‌ಕಾನ್ಫ್‌ಡಿರ್ ಪ್ರತ್ಯೇಕ ವೇರಿಯಬಲ್ ಆಗಿರುವುದು ಇದಕ್ಕೇ.

ಹಂತ 5: ಪ್ರೋಗ್ರಾಂಗೆ ತನ್ನ ಫೈಲ್ ಎಲ್ಲಿದೆ ಅಂತ ಹೇಳುವುದು

ಅಡಿಕೆಲೆಕ್ಕಕ್ಕೆ ತರಗಳ ಪಟ್ಟಿ ಎಲ್ಲಿದೆ ಅಂತ ಗೊತ್ತಿರಬೇಕು. ಕಂಪೈಲ್ ಮಾಡುವಾಗ ದೊಡ್ಡ ಡಿ ಆಯ್ಕೆಯಲ್ಲಿ $(ಡೇಟಾಡಿರ್)/ಅಡಿಕೆಲೆಕ್ಕ ಅನ್ನುವ ದಾರಿಯನ್ನು ಕೋಡಿನೊಳಗೆ ಕಳಿಸಿ. ಡೆಸ್ಟ್‌ಡಿರ್ ಸೇರಿಸಬೇಡಿ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಪ್ರಿಫಿಕ್ಸ್ ಕೊಡದೆ ಬರೀ ಮೇಕ್ ಓಡಿಸಿ, ಆಮೇಲೆ ಇನ್‌ಸ್ಟಾಲ್ ಮಾಡುವಾಗ ಮಾತ್ರ ಪ್ರಿಫಿಕ್ಸ್=/ಯುಎಸ್‌ಆರ್ ಕೊಟ್ಟರೆ ಏನಾಗುತ್ತದೆ? ಪ್ರೋಗ್ರಾಂ ಒಳಗೆ /ಯುಎಸ್‌ಆರ್/ಲೋಕಲ್/ಶೇರ್ ಅಂತ ಆಗಲೇ ಕೂತಿದೆ, ಪಟ್ಟಿ ಮಾತ್ರ /ಯುಎಸ್‌ಆರ್/ಶೇರ್‌ನಲ್ಲಿ ಇದೆ. ಪ್ಯಾಕೇಜ್ ಎರರ್ ಇಲ್ಲದೆ ತಯಾರಾಗುತ್ತದೆ, ಸೊಸೈಟಿಯಲ್ಲಿ ಓಡುವುದಿಲ್ಲ. ಬಿಲ್ಡ್‌ಗೂ ಇನ್‌ಸ್ಟಾಲ್‌ಗೂ ಒಂದೇ ಪ್ರಿಫಿಕ್ಸ್ ಕೊಡಿ. ಪ್ರಿಫಿಕ್ಸ್ ಬದಲಾಯಿಸಿದರೆ ಮೊದಲು ಮೇಕ್ ಕ್ಲೀನ್ ಮಾಡಿ, ಯಾಕೆಂದರೆ ಮೇಕ್ ನೋಡುವುದು ಫೈಲಿನ ಸಮಯವನ್ನು, ವೇರಿಯಬಲ್ ಬದಲಾದದ್ದನ್ನಲ್ಲ.

ರೂಲಿನಲ್ಲಿ ಇರಬಾರದ್ದು

-ಒ ರೂಟ್ ಅಂತ ಮಾಲೀಕರನ್ನು ಹೇಳಬೇಡಿ. ಪ್ಯಾಕೇಜ್‌ಗಳನ್ನು ಈಗ ಸಾಮಾನ್ಯ ಬಳಕೆದಾರರಾಗಿಯೇ ಕಟ್ಟುತ್ತಾರೆ, ಆ ಸಾಲಿನಲ್ಲಿ ರೂಲ್ ನಿಂತುಹೋಗುತ್ತದೆ. -ಎಸ್ ಹಾಕಿ ಸ್ಟ್ರಿಪ್ ಮಾಡುವುದೂ ಬೇಡ. ಡೆಬಿಯನ್ ಮತ್ತು ಫೆಡೋರಾ ಡೀಬಗ್ ಮಾಹಿತಿಯನ್ನು ತೆಗೆದು ಬೇರೆ ಪ್ಯಾಕೇಜ್ ಮಾಡುತ್ತವೆ. ನೀವು ಮೊದಲೇ ಅಳಿಸಿದರೆ ಅವರಿಗೆ ಏನೂ ಉಳಿಯುವುದಿಲ್ಲ.

ಎಲ್‌ಡಿಕಾನ್ಫಿಗ್, ಎಫ್‌ಸಿ-ಕ್ಯಾಶ್, ಸಿಸ್ಟಮ್‌ಸಿಟಿಎಲ್ ಥರದ, ಸಿಸ್ಟಮ್ಮಿನ ಕ್ಯಾಶ್ ಅಥವಾ ಸೇವೆಗಳನ್ನು ಬದಲಿಸುವ ಕಮಾಂಡ್‌ಗಳನ್ನು ಇನ್‌ಸ್ಟಾಲ್ ರೂಲಿನಿಂದ ಹೊರಗಿಡಿ. ಅವು ಮುಟ್ಟುವುದು ಪ್ಯಾಕೇಜ್ ಕಟ್ಟುವ ಯಂತ್ರವನ್ನು, ಬಳಸುವವರ ಯಂತ್ರವನ್ನಲ್ಲ. ಗುಬ್ಬಿ, ನವಿಲು ಥರದ ಕನ್ನಡ ಫಾಂಟ್‌ಗಳು ಡೆಬಿಯನ್‌ನಲ್ಲಿ ಪ್ಯಾಕೇಜ್ ಆಗಿವೆ ನೋಡಿ. ಬಳಸುವವರ ಯಂತ್ರದಲ್ಲಿ ಫಾಂಟ್ ಹಾಕಿದ ಮೇಲೆ ಕ್ಯಾಶ್ ತಾಜಾ ಮಾಡುವುದು ಫಾಂಟ್‌ಕಾನ್ಫಿಗ್ ಪ್ಯಾಕೇಜಿನ ಟ್ರಿಗರ್. ಫಾಂಟಿನ ಮೇಕ್‌ಫೈಲ್ ಆ ಭಾರ ಹೊರಬೇಕಾಗಿಲ್ಲ.

ಸಿಮ್‌ಲಿಂಕ್ ಬೇಕಾದರೆ ಗುರಿಯನ್ನು ಬರೀ ಫೈಲಿನ ಹೆಸರಾಗಿ ಕೊಡಿ, ಡೆಸ್ಟ್‌ಡಿರ್ ಸಮೇತ ಪೂರ್ತಿ ದಾರಿ ಕೊಟ್ಟರೆ ಅದು ಬಳಕೆದಾರರ ಯಂತ್ರದಲ್ಲಿ ಇಲ್ಲದ ಫೋಲ್ಡರನ್ನು ತೋರಿಸುತ್ತದೆ. ಫೈಲ್‌ಗಳು ಬಹಳ ಇದ್ದು ಫಾರ್ ಲೂಪ್ ಬಳಸುವಿರಾದರೆ ಶೆಲ್ ವೇರಿಯಬಲ್‌ಗೆ ಎರಡು ಡಾಲರ್ ಗುರುತು ಹಾಕಿ, ಪ್ರತಿ ಕಮಾಂಡಿನ ಕೊನೆಗೆ ‘|| ಎಕ್ಸಿಟ್ 1’ ಸೇರಿಸಿ. ಇಲ್ಲವಾದರೆ ನಡುವೆ ಒಂದು ಫೈಲ್ ಹೋಗದಿದ್ದರೂ ಮೇಕ್‌ಗೆ ತಿಳಿಯುವುದಿಲ್ಲ.

ಹಂತ 6: ಪರೀಕ್ಷೆ

ಸುಡೋ (ಆಡಳಿತಗಾರರ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಮುಟ್ಟಬೇಡಿ. ಸಾಮಾನ್ಯ ಬಳಕೆದಾರರಾಗಿಯೇ ಓಡಿಸಿ:

ಮೇಕ್ ಪ್ರಿಫಿಕ್ಸ್=/ಯುಎಸ್‌ಆರ್ ಸಿಸ್‌ಕಾನ್ಫ್‌ಡಿರ್=/ಇಟಿಸಿ
ಮೇಕ್ ಇನ್‌ಸ್ಟಾಲ್ ಡೆಸ್ಟ್‌ಡಿರ್=/ಟಿಎಂಪಿ/ಅಂಗಳ ಪ್ರಿಫಿಕ್ಸ್=/ಯುಎಸ್‌ಆರ್ ಸಿಸ್‌ಕಾನ್ಫ್‌ಡಿರ್=/ಇಟಿಸಿ
ಫೈಂಡ್ /ಟಿಎಂಪಿ/ಅಂಗಳ -ಟೈಪ್ ಎಫ್
ಗ್ರೆಪ್ -ಆರ್ /ಟಿಎಂಪಿ/ಅಂಗಳ /ಟಿಎಂಪಿ/ಅಂಗಳ

ಯಾವುದಾದರೂ ಸಾಲಿನಲ್ಲಿ ಡೆಸ್ಟ್‌ಡಿರ್ ಮರೆತಿದ್ದರೆ ‘ಪರ್ಮಿಷನ್ ಡಿನೈಡ್’ ಬರುತ್ತದೆ. ಸುಡೋ ಬಳಸಿದ್ದರೆ ಈ ತಪ್ಪು ಮುಚ್ಚಿಹೋಗುತ್ತಿತ್ತು. ಫೈಂಡ್ ತೋರಿಸಿದ ಪಟ್ಟಿಯಲ್ಲಿ ನಮ್ಮ ಐದು ಫೈಲ್‌ಗಳೂ ಇರಬೇಕು. ಕೊನೆಯ ಗ್ರೆಪ್ ಏನನ್ನೂ ತೋರಿಸಬಾರದು. ತೋರಿಸಿದರೆ ಡೆಸ್ಟ್‌ಡಿರ್ ಯಾವುದೋ ಫೈಲಿನ ಒಳಗೆ ಸೇರಿಕೊಂಡಿದೆ ಅಂತ ಅರ್ಥ.

ಹಂತ 7: ಪ್ಯಾಕೇಜ್ ಕಡೆಯಿಂದ

ಡೆಬಿಯನ್‌ನ ಡಿಎಚ್_ಆಟೋ_ಇನ್‌ಸ್ಟಾಲ್ ಡೆಸ್ಟ್‌ಡಿರ್ ಅನ್ನು ತಾನೇ ಕೊಡುತ್ತದೆ. ಆದರೆ ನಮ್ಮಂಥ ಕೈಬರಹದ ಮೇಕ್‌ಫೈಲಿಗೆ ಪ್ರಿಫಿಕ್ಸ್ ಕೊಡುವುದಿಲ್ಲ. ಅದಕ್ಕೆ ಪ್ಯಾಕೇಜಿನ ಡೆಬಿಯನ್ ಫೋಲ್ಡರಿನೊಳಗಿನ ರೂಲ್ಸ್ ಫೈಲಿನಲ್ಲಿ:

ಓವರ್‌ರೈಡ್_ಡಿಎಚ್_ಆಟೋ_ಬಿಲ್ಡ್:
    ಡಿಎಚ್_ಆಟೋ_ಬಿಲ್ಡ್ -- ಪ್ರಿಫಿಕ್ಸ್=/ಯುಎಸ್‌ಆರ್ ಸಿಸ್‌ಕಾನ್ಫ್‌ಡಿರ್=/ಇಟಿಸಿ

ಓವರ್‌ರೈಡ್_ಡಿಎಚ್_ಆಟೋ_ಇನ್‌ಸ್ಟಾಲ್:
    ಡಿಎಚ್_ಆಟೋ_ಇನ್‌ಸ್ಟಾಲ್ -- ಪ್ರಿಫಿಕ್ಸ್=/ಯುಎಸ್‌ಆರ್ ಸಿಸ್‌ಕಾನ್ಫ್‌ಡಿರ್=/ಇಟಿಸಿ

ಈ ಸಾಲುಗಳನ್ನು ಮರೆತರೆ ಫೈಲ್‌ಗಳು /ಯುಎಸ್‌ಆರ್/ಲೋಕಲ್‌ಗೆ ಹೋಗುತ್ತವೆ, ಡಿಎಚ್_ಯುಎಸ್‌ಆರ್‌ಲೋಕಲ್ ಅಲ್ಲಿ ಫೈಲ್ ಕಂಡು ಬಿಲ್ಡನ್ನೇ ನಿಲ್ಲಿಸುತ್ತದೆ. ಆ ಎರರ್ ಕಂಡಾಗ ಹುಡುಕಬೇಕಾದ್ದು ಪ್ರಿಫಿಕ್ಸ್.

ಫೆಡೋರಾದ ಮೇಕ್_ಇನ್‌ಸ್ಟಾಲ್ ಮ್ಯಾಕ್ರೋ ಡೆಸ್ಟ್‌ಡಿರ್ ಜೊತೆಗೆ ಇನ್‌ಸ್ಟಾಲ್ ವೇರಿಯಬಲ್‌ಗೆ ‘ಇನ್‌ಸ್ಟಾಲ್ -ಪಿ’ ಅಂತ ಬೆಲೆ ಕೊಡುತ್ತದೆ, ಫೈಲ್‌ಗಳ ಮೂಲ ಸಮಯ ಉಳಿಯಲಿ ಅಂತ. ರೂಲಿನಲ್ಲಿ ನೇರವಾಗಿ ಕಮಾಂಡ್ ಬರೆಯದೆ $(ಇನ್‌ಸ್ಟಾಲ್) ಅಂತ ಬರೆದಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಆರ್ಚ್‌ನಲ್ಲಿ ಡೆಸ್ಟ್‌ಡಿರ್‌ಗೆ ಪಿಕೆಜಿಡಿರ್ ವೇರಿಯಬಲ್‌ನ ಬೆಲೆ ಕೊಡಿ. ಎರಡೂ ಕಡೆ ಪ್ರಿಫಿಕ್ಸ್, ಸಿಸ್‌ಕಾನ್ಫ್‌ಡಿರ್ ಮೇಲಿನ ಹಾಗೆಯೇ ಕೊಡಬೇಕು.

ಅನ್‌ಇನ್‌ಸ್ಟಾಲ್

ಪ್ಯಾಕೇಜ್ ಹಾಕಿದವರಿಗೆ ಇದು ಬೇಡ, ಮೇಕ್ ಇನ್‌ಸ್ಟಾಲ್ ಮಾಡಿದವರಿಗೆ ಬೇಕೇ ಬೇಕು. ಇನ್‌ಸ್ಟಾಲ್ ರೂಲಿನಲ್ಲಿ ಇಟ್ಟ ಒಂದೊಂದು ಫೈಲಿಗೂ ಆರ್‌ಎಂ -ಎಫ್ ಸಾಲು ಬರೆಯಿರಿ, ಡೆಸ್ಟ್‌ಡಿರ್ ಇಲ್ಲೂ ಮುಂದೆ ಇರಲಿ. ಫೋಲ್ಡರ್ ತೆಗೆಯಲು ಆರ್‌ಎಂ -ಆರ್‌ಎಫ್ ಬಳಸಬೇಡಿ. ವೇರಿಯಬಲ್ ಖಾಲಿಯಾಗಿದ್ದ ದಿನ ಅದು ಏನನ್ನು ಅಳಿಸುತ್ತದೆ ಅಂತ ಹೇಳಲಾಗದು. ನಿಮ್ಮದೇ ಆದ ಅಡಿಕೆಲೆಕ್ಕ ಫೋಲ್ಡರಿಗೆ ಆರ್‌ಎಂಡಿರ್ ಸಾಕು, ಅದು ಖಾಲಿ ಇದ್ದರೆ ಮಾತ್ರ ತೆಗೆಯುತ್ತದೆ. ಖಾಲಿ ಇಲ್ಲದಿದ್ದಾಗ ಮೇಕ್ ನಿಲ್ಲದಿರಲಿ ಅಂತ ಆ ಸಾಲಿನ ಮುಂದೆ, ಟ್ಯಾಬ್ ಆದ ಕೂಡಲೇ, ಒಂದು ಅಡ್ಡಗೆರೆ ಹಾಕಿ. ಕಾನ್ಫಿಗ್ ಫೈಲನ್ನು ಅಳಿಸುವ ಪಟ್ಟಿಗೆ ಸೇರಿಸಬೇಡಿ. ಅದರಲ್ಲಿರುವುದು ಸೊಸೈಟಿಯವರು ಬರೆದುಕೊಂಡದ್ದು.